ನಾಹಿದ್ ಡ್ರೈವರ್‌ಗೆ ಜಾಗ ಹುಡುಕಿದ್ದು

ಶಿಡ್ಲಘಟ್ಟದ ಹಿದಾಯತುಲ್ಲಾ ರೇಷ್ಮೆ ನೂಲು ತೆಗೆಯುವುದನ್ನು ನಿಲ್ಲಿಸಿದ ಮೇಲೆ ಅವರ ಉದ್ದನೆಯ ಶೆಡ್ಡಿನಲ್ಲಿ ಮಗಳು ನಾಹಿದ್ ಬೆಂಚು ಹಾಕಿಕೊಂಡಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಯುಪಿಎಸ್, ಮೋಟರ್ ಸ್ಟಾರ್ಟರ್ ರಿಪೇರಿ ಅವಳ ಕೆಲಸ. ಬೇಯಿಸಿದ ರೇಷ್ಮೆಗೂಡಿನ ವಾಸನೆ ಗೋಡೆ ಬಿಟ್ಟು ಹೋಗಿರಲಿಲ್ಲ. ಮಧ್ಯಾಹ್ನ ತಗಡಿನ ತೂತುಗಳಿಂದ ಬಿಸಿಲು ಕಾಸುಕಾಸಾಗಿ ನೆಲಕ್ಕೆ ಬೀಳುವಾಗ ಸ್ಕ್ರೂಡ್ರೈವರ್ ಹಿಡಿದೇ ಎಲ್ಲೋ ತೇಲಿಹೋಗುವುದು ಅವಳ ಅಭ್ಯಾಸ. "ಬೇಟಾ, ವಾಪಸ್ ಆಜಾ" ಎಂದು ಅಬ್ಬಾ ಅವಳನ್ನು ಹಿಂದಕ್ಕೆ ಕರೆಯಬೇಕಿತ್ತು.

ಅಂಬಾಜಿದುರ್ಗದ ಬುಡದ ಹಳ್ಳಿಯೊಂದರಲ್ಲಿ ಲಕ್ಷ್ಮೀನರಸಮ್ಮ ರೇಷ್ಮೆಹುಳು ಸಾಕುತ್ತಾರೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವಾಗ, ಹುಳುಮನೆಯಲ್ಲಿ ತೇವ ಹೆಚ್ಚಬಾರದು. ಅದನ್ನು ಅಳೆಯಲು ಅವರಿಗೆ ನಾಹಿದ್ ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದಳು. ಪೆಟ್ಟಿಗೆಯೊಳಗೆ ಲಿನಕ್ಸ್ ಓಡುವ ಅಂಗೈಯಗಲದ ಕಂಪ್ಯೂಟರ್. ಹೊರಗೆ ವೈರಿನ ತುದಿಯಲ್ಲಿ ಅವರೆಕಾಳಿಗಿಂತ ಚಿಕ್ಕ ಚಿಪ್. ಅದು ಗಾಳಿಯ ತೇವ, ಬಿಸಿ ಎರಡನ್ನೂ ಹೇಳುತ್ತದೆ.

ಆದರೆ ಆ ಚಿಪ್ಪಿನ ಮಾತು ಲಿನಕ್ಸಿಗೆ ತಿಳಿಯುತ್ತಿರಲಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್‌ಗೆ ಒಂದೊಂದು ಯಂತ್ರದ ಮಾತನ್ನೂ ತಿಳಿಸಿಕೊಡಲು ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ಬೇಕು. ನಾಹಿದ್ ಆರು ತಿಂಗಳು ಕೂತು ಅದನ್ನು ಬರೆದಳು. ಕರ್ನಲ್‌ಗೇ ಸೇರಿದರೆ ಮುಂದೆ ಆ ಚಿಪ್ ಕೊಂಡವರೆಲ್ಲರಿಗೂ ಸಿಗುತ್ತದೆ ಎಂಬ ಆಸೆಯಿಂದ ಅಲ್ಲಿನ ಮೇಲ್ವಿಚಾರಕರಿಗೆ ಮೇಲ್ ಮಾಡಿದಳು.

ನಾಲ್ಕು ದಿನಕ್ಕೆ ಉತ್ತರ ಬಂತು. ಬರೆದವರು ಯಾವ ದೇಶದವರೋ ತಿಳಿಯಲಿಲ್ಲ. 'ಕೋಡ್ ಚೆನ್ನಾಗಿದೆ. ಆದರೆ ಹಾರ್ಡ್‌ವೇರ್ ಮಾನಿಟರಿಂಗ್ ವಿಭಾಗಕ್ಕೆ ಏಕೆ ಕಳಿಸಿದ್ದೀರಿ? ಅದು ಯಂತ್ರ ತನ್ನ ಮೈಬಿಸಿ, ತನ್ನ ಫ್ಯಾನು ನೋಡಿಕೊಳ್ಳುವ ಜಾಗ. ಹೊರಗಿನ ಲೋಕವನ್ನು ಅಳೆಯುವ ಸೆನ್ಸರ್‌ಗಳಿಗೆ ಬೇರೆ ವಿಭಾಗವಿದೆ. ನಿಮ್ಮ ಚಿಪ್ ಏನನ್ನು ನೋಡುತ್ತದೆ?'

ಇದೇ ಬಗೆಯ ಹಳೆಯ ಚಿಪ್ಪುಗಳ ಡ್ರೈವರ್‌ಗಳು ಅಲ್ಲಿದ್ದವು, ಅದಕ್ಕೇ ಕಳಿಸಿದ್ದಳು. ಅಲ್ಲಿ ಮಿತಿ ಮೀರಿದರೆ ಎಚ್ಚರಿಸುವ ಏರ್ಪಾಡೂ ಸುಲಭ. ಹೊಸ ಜಾಗಕ್ಕೆಂದರೆ ಅರ್ಧಕ್ಕರ್ಧ ಮತ್ತೆ ಬರೆಯಬೇಕು. ಒಂದು ಸಲ ಒಂದು ಕಡೆ ಸೇರಿತೆಂದರೆ ಅದನ್ನು ನಂಬಿ ಜನ ಪ್ರೋಗ್ರಾಂ ಬರೆಯುತ್ತಾರೆ. ಆಮೇಲೆ ಎತ್ತಿ ಬೇರೆಡೆ ಇಡುವುದು ಕಷ್ಟ. ವಾರವಾದರೂ ಅವಳು ಉತ್ತರ ಬರೆಯಲಿಲ್ಲ.

ಅಷ್ಟರಲ್ಲಿ ಲಕ್ಷ್ಮೀನರಸಮ್ಮನ ಫೋನ್ ಬಂತು. ಪೆಟ್ಟಿಗೆ ಏನೇನೋ ತೋರಿಸುತ್ತಿದೆಯಂತೆ. ನಾಹಿದ್ ಚಿಂತಾಮಣಿ ಬಸ್ಸು ಹತ್ತಿದಳು.

ಹುಳುಮನೆಯಲ್ಲಿ ನಾಲ್ಕನೇ ಜ್ವರ. ಸಾವಿರಾರು ಹುಳುಗಳು ತಲೆಯೆತ್ತಿ, ಏನನ್ನೋ ಕೇಳಿಸಿಕೊಳ್ಳುತ್ತಿರುವಂತೆ ಅಲುಗದೆ ಕೂತಿದ್ದವು. ಸುಣ್ಣದ ಪುಡಿ ಉದುರಿಸಿದ ತಟ್ಟೆಗಳು ಮಂಜು ಕವಿದ ಬಯಲಿನಂತೆ ಕಂಡವು. ನಾಹಿದ್ ಬಾಗಿಲಲ್ಲೇ ನಿಂತುಬಿಟ್ಟಳು. ತನ್ನ ಉಸಿರೂ ಜೋರೆನಿಸಿತು.

ಪೆಟ್ಟಿಗೆ ಗೋಡೆಯ ಮೇಲೇ ಇತ್ತು. ಚಿಪ್ ಮಾತ್ರ ಅಲ್ಲಿರಲಿಲ್ಲ. ಯಾವುದೋ ಹಳೆಯ ವೈರು ಗಂಟು ಹಾಕಿ ಉದ್ದ ಮಾಡಿ ಯಾರೋ ಅದನ್ನು ತಟ್ಟೆಗಳ ನಡುವೆ ಇಳಿಬಿಟ್ಟಿದ್ದರು.

"ಅಕ್ಕಾ, ಇದನ್ಯಾರು ಕೆಳಗೆ ಬಿಟ್ಟಿದ್ದು?"

"ನಾನೇ ಕಣಮ್ಮ. ಮೇಲೆ ಪೆಟ್ಟಿಗೆ ಕಾವು ಅದಕ್ಕೂ ತಾಕ್ತಿತ್ತು. ಪೆಟ್ಟಿಗೆಗೆ ಸೆಕೆಯಾದ್ರೆ ನಮಗೇನು? ಹುಳ ಎಲ್ಲಿ ಅವೋ ಅಲ್ಲಿ ಅಳೀಲಿ ಅಂತ ಇಳಿಸ್ದೆ. ತಪ್ಪಾಯ್ತಾ?"

"ಇಲ್ಲಕ್ಕ. ಗಂಟು ಸಡಿಲ ಆಗಿದೆ, ಅಷ್ಟೇ."

ಗಂಟು ಬಿಚ್ಚಿ ಬೆಸುಗೆ ಹಾಕುತ್ತಾ ನಾಹಿದ್ ಆ ವೈರನ್ನು ನೋಡಿದಳು. ಕಂಪ್ಯೂಟರಿನಿಂದ ಮೂರು ಮಾರು ದೂರದಲ್ಲಿ, ನಿದ್ದೆಹೋದ ಹುಳುಗಳ ನಡುವೆ ತೂಗುವ ಚಿಪ್ ಯಂತ್ರದ ಆರೋಗ್ಯ ನೋಡುತ್ತಿದೆ ಎಂದು ಯಾವ ಬಾಯಲ್ಲಿ ಹೇಳುವುದು? ವಾಪಸು ಬರುವಾಗ ಬಸ್ಸಿನಲ್ಲೇ ಮೊಬೈಲಿನಲ್ಲಿ ಉತ್ತರ ಬರೆದಳು: 'ನೀವು ಹೇಳಿದ್ದು ಸರಿ. ಇದು ರೇಷ್ಮೆಹುಳುಗಳ ಗಾಳಿಯನ್ನು ನೋಡುತ್ತದೆ. ಬೇರೆ ವಿಭಾಗಕ್ಕೆ ಮತ್ತೆ ಬರೆಯುತ್ತೇನೆ.'

ಎರಡು ತಿಂಗಳು ಹಿಡಿಯಿತು. ಹೊಸ ವಿಭಾಗದವರು ಮೂರು ಸಲ ತಿದ್ದಿಸಿದರು. ನಾಲ್ಕನೆಯ ಸಲ 'ಸೇರಿಸಿದ್ದೇನೆ, ಧನ್ಯವಾದ' ಎಂಬ ಒಂದೇ ಸಾಲು ಬಂತು. ಅಬ್ಬಾ ಕನ್ನಡಕ ಏರಿಸಿ, ಪರದೆಯ ಮೇಲಿದ್ದ ಮಗಳ ಹೆಸರನ್ನು ಬೆರಳಿಟ್ಟು ಓದಿದರು. ಹೋಗಿ ಚಹಾ ತಂದರು.

ಚಳಿಗಾಲದಲ್ಲಿ, ಅದೇ ಚಿಪ್ ಕೊಂಡಿದ್ದ, ಹಿಮ ಬೀಳುವ ಊರಿನ ತೋಟಗಾರನೊಬ್ಬ ಬರೆದ: ಸೊನ್ನೆಗಿಂತ ಕೆಳಗೆ ಹೋದರೆ ನಿಮ್ಮ ಡ್ರೈವರ್ ತಪ್ಪು ಲೆಕ್ಕ ಕೊಡುತ್ತದೆ. ಶಿಡ್ಲಘಟ್ಟದಲ್ಲಿ ಸೊನ್ನೆಯನ್ನು ಎಲ್ಲಿಂದ ತರುವುದು? ಚಿಕ್ಕಪ್ಪನ ಮಗ ಬಬ್ಲುವಿನ ಐಸ್‌ಕ್ರೀಮ್ ಅಂಗಡಿಗೆ ಅಂಥದೇ ಇನ್ನೊಂದು ಪೆಟ್ಟಿಗೆ ಹಿಡಿದು ಹೋಗಿ ಫ್ರೀಜರಿನೊಳಗೆ ಅದರ ಚಿಪ್ ಇಳಿಬಿಟ್ಟಳು.

"ಆಪಾ, ಎಷ್ಟೊತ್ತು? ಗಿರಾಕಿ ಕಾಯ್ತಾವ್ರೆ."

"ಹತ್ತೇ ನಿಮಿಷ ಕಣೋ, ಮುಚ್ಚಳ ತೆಗೀಬೇಡ."

ಮೂರು, ಎರಡು, ಒಂದು ಎಂದು ಪೆಟ್ಟಿಗೆಯಲ್ಲಿ ಅಂಕಿಗಳು ಇಳಿದವು. ನಾಹಿದ್ ತಣ್ಣನೆಯ ಮುಚ್ಚಳದ ಮೇಲೆ ಕೆನ್ನೆಯಿಟ್ಟು, ತಾನೆಂದೂ ಕಾಣದ ಹಿಮವನ್ನು ನೆನೆಯುತ್ತಾ ಕಾದಳು.