ಹಿಮದ ಹೊಳೆಯ ಕೊನೆಯ ಮೀನು

ಕಾರವಾರದಲ್ಲಿ ಮೀನಿನ ಬಗ್ಗೆ ಕಲಿಯುವವರ ಪ್ರಯೋಗಶಾಲೆಯೊಂದರಲ್ಲಿ ನಾನು ಕಸ ಗುಡಿಸುತ್ತೇನೆ. ಅಲ್ಲಿಯ ಹುಡುಗಿಯೊಬ್ಬಳು ಹಿಮಾಲಯದ ಹೊಳೆಯ ಮೀನುಗಳನ್ನು ತಂದು, ಗಾಜಿನ ತೊಟ್ಟಿಗೆ ತಂಪಿನ ಯಂತ್ರ ಹಚ್ಚಿ ಸಾಕಿದ್ದಳು. ದಿನಾ ನೀರನ್ನು ಒಂದಿಷ್ಟು ಬೆಚ್ಚಗೆ ಮಾಡುವುದು, ಯಾವುದು ತಾಳುತ್ತದೆ ಎಂದು ನೋಡುವುದು. ಹಿಮಾಲಯದ ಹೊಳೆಗಳೂ ಬೆಚ್ಚಗಾಗುತ್ತಿವೆಯಂತೆ. ಸತ್ತದ್ದನ್ನು ತೆಗೆಯುವುದು ನನ್ನ ಕೆಲಸ. ಕೊನೆಗೆ ಒಂದೇ ಉಳಿಯಿತು. ಹುಡುಗಿ ಅದನ್ನೇ ನಂಬಿಕೊಂಡು ಕೂತಳು.

ಒಂದು ಬೆಳಿಗ್ಗೆ ಅದೂ ಮಗ್ಗುಲಾಗಿ ತೇಲುತ್ತಿತ್ತು.

"ಸತ್ತೋಯ್ತು ತಂಗಿ, ತೆಗೀಲಾ?"

"ತಡಿ ಅಜ್ಜಿ, ಕಿವಿರು ಆಡ್ತದೆ."

"ಅದು ಪಂಪಿನ ನೀರಿಗೆ ಆಡೂದು. ನಿನ್ನ ಮುಖ ನೋಡಿ ಎದ್ದು ಬತ್ತದೆ ಅಂದ್ಕಂಡ್ಯಾ?"

ಅವಳು ಕಣ್ಣೊರೆಸಿಕೊಂಡು ಅದರ ರೆಕ್ಕೆಯ ಚೂರೊಂದನ್ನು ಕತ್ತರಿಸಿ ಸೀಸೆಗೆ ಹಾಕಿದಳು.

"ಚಳಿಗೆ ಬೇಕಾದ್ದೆಲ್ಲ ಇವುಗಳ ಜೀನಿನಲ್ಲೇ ಅದೆ ಅಜ್ಜಿ. ಸೆಕೆಗೆ ಎಂತದೂ ಇಲ್ಲ. ಅದು ಬರ್ಲಿಕ್ಕೆ ಎಷ್ಟೋ ತಲೆಮಾರು ಬೇಕು."

"ಅಲ್ಲೀವರೆಗೆ ಹೊಳೆ ಕಾಯ್ತದಾ?"

ಅವಳು ಸೀಸೆಯ ಮುಚ್ಚಳ ಬಿಗಿದಳು. ತೊಟ್ಟಿ ಬರಿದು ಮಾಡಲು ನಾನು ಕೈ ಹಾಕಿದೆ. ಆ ಮೀನನ್ನು ಕೊಂದ ನೀರು ಬೆಳಂಬಾರದ ನಮ್ಮ ಬಾವಿಯ ನೀರಿಗಿಂತ ತಣ್ಣಗಿತ್ತು.