ನಮ್ಮದೇ ಗಾಡಿ, ನಮ್ಮದೇ ಗೋಡಿ

ದೋಸ್ತರೇ, ಇವತ್ತು ಮುಂಜಾನೆ ಖಂಡೆ ಪೂಜಿ, ಅಂದ್ರ ಆಯುಧ ಪೂಜಿ ಮಾಡಿ, ನಮ್ಮ ಕಾರಿನಿಂದ ಖೂಬಾ ಪ್ಲಾಟ್ ಬಡಾವಣಿಯ ನಮ್ಮದೇ ಮನಿ ಕಂಪೌಂಡ್ ಗೋಡಿ ಕೆಡವಿದೆ.

ನಾಲ್ಕು ಗಾಲಿಗೆ ನಾಲ್ಕು ನಿಂಬಿಹಣ್ಣು ಇಟ್ಟಿದ್ವಿ. ಗಾಡಿ ಮುಂದ ಬಿಟ್ಟಾಗ ಮೂರು ಒಡದ್ವು, ಒಂದು ಜಾರಿ ಹೊರಗ ಬಂತು. "ಅದನ್ನ ಹಂಗ ಬಿಡಬ್ಯಾಡ್ರಿ, ಗಾಡಿ ಹಿಂದಕ್ಕ ತಗೊಂಡು ಅದರ ಮ್ಯಾಲ ಹಾಯಸ್ರಿ" ಅಂದಳು ಹೆಂಡತಿ. ತಗೊಂಡೆ. ಗೋಡಿ ಬಿತ್ತು. ಹಣ್ಣು ಮಾತ್ರ ಹಂಗೇ ಇತ್ತು.

ನಾನೇನೂ ಗಾಬರಿ ಆಗಲಿಲ್ಲ. ಹೆಂಡತಿಯ ತಮ್ಮ ವಿಮಾ ಏಜೆಂಟ್, ಹಬ್ಬಕ್ಕಂತ ಕಮಲಾಪುರದಿಂದ ಬಂದಾನ. ತಾನೇ ತಂದ ಕೆಂಪು ಬಾಳಿಹಣ್ಣು ಸುಲಿಯಾಕತ್ತಿದ್ದ. ಹೋದ ತಿಂಗಳಷ್ಟೇ "ಮನಿದೂ ಗಾಡಿದೂ ಕೂಡಿಸಿ ವಿಮಾ ಮಾಡಸ್ರಿ ಮಾಮಾ, ರಿಯಾಯಿತಿ ಅದ, ಎರಡೂ ಕಡಿಂದ ನಿಶ್ಚಿಂತಿ" ಅಂತ ನನ್ನ ಸಹಿ ಹಾಕಿಸ್ಕೊಂಡಿದ್ದ.

ಈಗ ಗೋಡಿ ನೋಡಿ, "ಬಂಪರಿಂದು ಸಿಗ್ತದ್ರಿ ಮಾಮಾ, ಗೋಡಿದು ಬರಂಗಿಲ್ಲ" ಅಂದ.

"ಯಾಕ? ಎರಡೂ ಮಾಡಿಸೀನಲ್ಲ!"

"ನೀವು ಮಂದಿ ಗೋಡಿ ಕೆಡವಿದ್ರ ಗಾಡಿ ವಿಮಾ ಕೊಡ್ತದ. ಇದು ನಿಮ್ಮದೇ ಗೋಡಿ. ಮಂದಿ ಗಾಡಿ ಬಂದು ಬಡದ್ರ ಮನಿ ವಿಮಾ ಕೊಡ್ತದ. ಇದು ನಿಮ್ಮದೇ ಗಾಡಿ."

ಸಪ್ಪಳ ಕೇಳಿ ಬಂದಿದ್ದ ಬಾಜೂ ಮನಿ ಖಾಜಾಮಿಯಾ ಎಲ್ಲಾ ಕೇಳಿಸ್ಕೊಂಡು ಹೇಳಿದ್ರು: "ಫಿಕರ್ ಯಾಕ್ರೀ? ಮುಂದಿನ ವರ್ಷ ನಿಮ್ಮ ನಿಂಬಿಹಣ್ಣು ನನ್ನ ಗಾಡಿಗಿ ಇಡ್ರಿ. ನಾನೇ ಬಂದು ನಿಮ್ಮ ಗೋಡಿಗಿ ಬಡೀತೀನಿ."

ಒಡೀದೇ ಉಳಿದಿದ್ದ ಹಣ್ಣು ಆರಿಸಿ ಅವರ ಕೈಯಾಗ ಇಟ್ಟೆ.