ಹಾಜರಿ ಹಾಳೆಯ ಸಹಿ

ನಮ್ಮ ಬಡಾವಣೆಯ ನಾಗರಿಕರ ವೇದಿಕೆಯಲ್ಲಿ ಮಾತಾಡುವವರು ಹನ್ನೆರಡು ಜನ. ಕೆಲಸ ಮಾಡುವವಳು ಒಬ್ಬಳೇ, ಟೈಲರಕ್ಕ. ಮಾತಾಡುವವರಲ್ಲಿ ನಾನೂ ಒಬ್ಬ.

ಅವಳ ತಂಗಿಗೆ ನಡೆಯಲಾಗದು, ಗಾಲಿಕುರ್ಚಿಯೇ ಗತಿ. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಬಾಗಿಲಿಗೆ ಆರು ಮೆಟ್ಟಿಲು. ಪ್ರತಿಸಲವೂ ದಾರಿಹೋಕರಿಬ್ಬರನ್ನು ಕರೆದು ಕುರ್ಚಿ ಸಮೇತ ಎತ್ತಿಸಬೇಕು. ತಾನೇನು ಬೀರುವೇ ಎಂದು ತಂಗಿ ಗೊಣಗುತ್ತಾಳೆ. ಟೈಲರಕ್ಕ ಕೇಳಿದ್ದು ಇಷ್ಟೇ: ಮೆಟ್ಟಿಲ ಪಕ್ಕದಲ್ಲಿ ಕುರ್ಚಿ ತಳ್ಳಿಕೊಂಡು ಹೋಗುವಂಥ ಒಂದು ರ‍್ಯಾಂಪು.

ಪುರಸಭೆಗೆ ಅರ್ಜಿ ಕೊಟ್ಟಳು. ಪರಿಶೀಲನೆಯಲ್ಲಿದೆ ಎಂದರು. ಕಡತದ ನಕಲು ಕೇಳಿದಳು. ಬೇರೆ ವಿಭಾಗಕ್ಕೆ ಹೋಗಿದೆ ಎಂದರು. ಗುಮಾಸ್ತ ಅವಳನ್ನು ಕಂಡರೆ ಸಾಕು, ಊಟಕ್ಕೆ ಏಳುತ್ತಿದ್ದ. ಅವನಿಗೆ ದಿನಕ್ಕೆ ಎಷ್ಟು ಊಟವೋ! ಇವಳು ಕಚೇರಿಯ ಬೆಂಚಿನ ಮೇಲೆಯೇ ಗಿರಾಕಿಗಳ ಅಂಗಿಗೆ ಗುಂಡಿ ಹಚ್ಚುತ್ತ ಕೂರುತ್ತಿದ್ದಳು.

ಒಂಬತ್ತು ತಿಂಗಳಾದ ಮೇಲೆ ನಕಲು ಕೈಗೆ ಬಂತು. ರ‍್ಯಾಂಪು ಕಟ್ಟಿ ವರ್ಷವಾಗಿದೆ, ನಾಗರಿಕರ ವೇದಿಕೆ ನೋಡಿ ಒಪ್ಪಿದೆ ಎಂದು ಅದರಲ್ಲಿತ್ತು. ಸಾಕ್ಷಿಗೆ ಕೊನೆಯ ಪುಟದಲ್ಲಿ ಹದಿಮೂರು ಸಹಿ. ಎಲ್ಲವೂ ನಮ್ಮವೇ. ಮೊದಲನೆಯದು ಅವಳದು.

ಅದು ಹಿಂದಿನ ವರ್ಷ ಪುರಸಭೆ ನಡೆಸಿದ ಕುಂದುಕೊರತೆ ಸಭೆಯ ಹಾಜರಿ ಹಾಳೆ. ಕೂತ ಕೂಡಲೇ ತಲೆಬರಹವಿಲ್ಲದ ಹಾಳೆ ಬರುತ್ತದೆ, ಸಹಿ ಗೀಚಿ ಪಕ್ಕದವರಿಗೆ ದಾಟಿಸುತ್ತೇವೆ. ಪಾರದರ್ಶಕ ಆಡಳಿತ ಬೇಕೆಂದು ಗಂಟಲು ಹರಿದುಕೊಳ್ಳುವ ನಾವು ಇಷ್ಟು ವರ್ಷ ಖಾಲಿ ಹಾಳೆಗೆ ಸಹಿ ಹಾಕುತ್ತ ಬಂದಿದ್ದೆವು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಮುಂದಿನ ಸಭೆಯಲ್ಲಿ ಟೈಲರಕ್ಕ ಹಾಳೆ ಮುಟ್ಟದೆ ಮಾತಾಡಲು ಎದ್ದಳು.

"ಹಾಜರಿ ಹಾಕ್ದೆ ಇರೋರು ಮಾತಾಡೋ ಹಾಗಿಲ್ಲಮ್ಮ," ಎಂದ ಗುಮಾಸ್ತ.

"ನಿಮ್ಮ ಕಣ್ಮುಂದೇನೇ ನಿಂತಿದೀನಲ್ಲಪ್ಪ."

"ಕಾಗದದಲ್ಲಿ ಇಲ್ವಲ್ಲ."

ಅವಳು ಪೆನ್ನು ಇಸಿದುಕೊಂಡು ಹಾಳೆಯ ನೆತ್ತಿಯ ಮೇಲೆ ದಪ್ಪಗೆ ಬರೆದಳು: ಆಸ್ಪತ್ರೆಗೆ ರ‍್ಯಾಂಪು ಕಟ್ಟಿಲ್ಲ. ಕೆಳಗೆ ಸಹಿ ಹಾಕಿದಳು. ಗುಮಾಸ್ತ ಅದನ್ನು ಓದಿ, ಮಡಚಿ ಜೇಬಿಗಿಟ್ಟುಕೊಂಡು, ಡ್ರಾಯರಿನಿಂದ ಇನ್ನೊಂದು ಖಾಲಿ ಹಾಳೆ ತೆಗೆದ.

"ಅದು ಗಲೀಜಾಯ್ತು. ಇದರಲ್ಲಿ ಹಾಕಿ."

ಒಬ್ಬರಿಗೆ ಬೀದಿದೀಪದ ಮಾತು ಆಡಬೇಕಿತ್ತು, ಇನ್ನೊಬ್ಬರಿಗೆ ನಲ್ಲಿ ನೀರಿನದು. ಹಾಳೆ ನನ್ನ ಕೈಗೆ ಬರುವಷ್ಟರಲ್ಲಿ ಏಳು ಸಹಿ ಬಿದ್ದಿದ್ದವು. ಟೈಲರಕ್ಕ ನಿಂತುಕೊಂಡೇ ನನ್ನನ್ನು ನೋಡುತ್ತಿದ್ದಳು. ನಮ್ಮ ಮನೆ ಮುಂದಿನ ಚರಂಡಿ ಆರು ತಿಂಗಳಿಂದ ಕಟ್ಟಿಕೊಂಡಿದೆ. ನಾನು ಎಂಟನೆಯ ಸಹಿ ಹಾಕಿದೆ.